ಬೆಳಿಗ್ಗೆ ಎಂಟೂವರೆಯ ಸೊನ್ನೆ



ಮೊಳಕಾಲ್ಮುರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ಅಂಗಳದ ಮೂಲೆಯಲ್ಲಿ ನಾನೊಂದು ಮಳೆಮಾಪಕ ಇಟ್ಟುಕೊಂಡಿದ್ದೆ. ಸರ್ಕಾರದ್ದಲ್ಲ, ನನ್ನದೇ. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ಆಲಿಕೆ ತೆಗೆದು, ಒಳಗಿದ್ದ ನೀರನ್ನು ಅಳತೆಯ ಗ್ಲಾಸಿಗೆ ಬಗ್ಗಿಸಿ, ಎಷ್ಟಿದೆಯೋ ಅಷ್ಟನ್ನು ಪುಸ್ತಕದಲ್ಲಿ ಬರೆಯುವುದು. ಪಕ್ಕದ ಹೊಲದವರೊಬ್ಬರು ಕುರಿ ಹೊಡೆದುಕೊಂಡು ಹೋಗುವಾಗ ನಿಂತು ನೋಡುತ್ತಿದ್ದರು. ಒಂದು ಆಷಾಢದಲ್ಲಿ ವಾರಗಟ್ಟಲೆ ಹನಿ ಬೀಳದೆ ಶೇಂಗಾ ಬಾಡುತ್ತಿತ್ತು. ಅವರು ಕೇಳಿಯೇಬಿಟ್ಟರು: “ಅಲ್ಲ ಮೇಷ್ಟ್ರೇ, ಮಳೇನೇ ಇಲ್ಲ. ದಿನಾ ಏನ್ ಬರೀತೀರಿ ಅದ್ರಾಗೆ?”

“ಸೊನ್ನೆ ಬರೀತೀನಣ್ಣ” ಅಂದೆ.

“ಸೊನ್ನೆ ಬರಿಯಾಕೆ ಡಬ್ಬಿ ಯಾಕೆ? ಆಕಾಶ ನೋಡಿದ್ರೆ ಗೊತ್ತಾಗಲ್ವಾ?”

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಉತ್ತರ ಸಿಕ್ಕಿತು. ಸಿಕ್ಕಿದ್ದು ಇಲ್ಲಿಯಲ್ಲ, ಬಂಗಾಳ ಕೊಲ್ಲಿಯ ನಡುವೆ ಹತ್ತು ದಿನ ಒಂದೇ ಕಡೆ ನಿಂತು ಗಾಳಿ, ನೀರು, ಬಿಸಿಲು ಅಳೆದ ಒಂದು ಹಡಗಿನ ಕೆಲಸದಲ್ಲಿ. ಇವತ್ತು ನಿಮಗೆ ಹೇಳಬೇಕೆಂದಿರುವುದು ಆ ಹಡಗಿನ ವಿಚಾರ.

ಮೊದಲು ಈ ಎಂಟೂವರೆಯ ಲೆಕ್ಕ. ನಮ್ಮ ಚಳ್ಳಕೆರೆಯ ತಾಲ್ಲೂಕು ಕಚೇರಿಯಲ್ಲಿರಲಿ, ಆಗುಂಬೆಯಲ್ಲಿರಲಿ, ಅಸ್ಸಾಮಿನಲ್ಲಿರಲಿ, ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನದ ಮಳೆ ಎಂದರೆ ನಿನ್ನೆ ಬೆಳಿಗ್ಗೆ ಎಂಟೂವರೆಯಿಂದ ಇವತ್ತು ಬೆಳಿಗ್ಗೆ ಎಂಟೂವರೆಯವರೆಗೆ ಬಿದ್ದದ್ದು. ನಮ್ಮ ಎಂಟೂವರೆ ಅಂದರೆ ಗ್ರೀನಿಚ್ಚಿನಲ್ಲಿ ಸರಿಯಾಗಿ ಬೆಳಗಿನ ಜಾವ ಮೂರು ಗಂಟೆ. ಹವಾಮಾನದ ವೀಕ್ಷಣೆಗಳೆಲ್ಲ ಗ್ರೀನಿಚ್ ಗಡಿಯಾರಕ್ಕೇ ನಡೆಯುತ್ತವೆ. ಸಮುದ್ರದ ಮೇಲಿನ ಹಡಗುಗಳು ಮುಖ್ಯವಾಗಿ ಆರು ಗಂಟೆಗೊಮ್ಮೆ ಬರೆಯುತ್ತವೆ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಐದೂವರೆ, ಹನ್ನೊಂದೂವರೆ, ಸಂಜೆ ಐದೂವರೆ, ರಾತ್ರಿ ಹನ್ನೊಂದೂವರೆ. ನಡುನೀರಿನಲ್ಲಿ ಗಾಳಿ ಹೇಗೆ ಬೀಸಿದರೂ, ಬರೆಯುವವರಿಗೆ ಹೊಟ್ಟೆ ತೊಳಸಿದರೂ, ಆ ಹೊತ್ತಿಗೆ ಬರೆಯಲೇಬೇಕು. ಎಲ್ಲರೂ ಒಂದೇ ಗಳಿಗೆಯಲ್ಲಿ ನೋಡಿದರಷ್ಟೇ ಇಡೀ ಆಕಾಶದ ಒಂದು ಪಟ ಬರೆಯಲಾದೀತು.

ಹಡಗಿನಲ್ಲಿ ಏನೇನು ಬರೆಯುತ್ತಾರೆ? ಒಣ ಉಷ್ಣಮಾಪಕ ಮತ್ತು ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕ, ಎರಡರ ಅಂಕಿ. ಅವುಗಳ ಅಂತರದಿಂದ ಗಾಳಿಯಲ್ಲಿ ತೇವ ಎಷ್ಟಿದೆ ಎಂದು ತಿಳಿಯುತ್ತದೆ. ಮಣ್ಣಿನ ಹೂಜಿಯ ನೀರು ಬೇಸಿಗೆಯಲ್ಲಿ ಹೆಚ್ಚು ತಣ್ಣಗಾಗುವುದೂ ಮಳೆಗಾಲದಲ್ಲಿ ಅಷ್ಟು ತಣ್ಣಗಾಗದಿರುವುದೂ ಇದೇ ಲೆಕ್ಕಕ್ಕೆ. ಆಮೇಲೆ ಮೋಡ. ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲಿಗೆ ಮೋಡ ಕವಿದಿದೆ, ಯಾವ ಜಾತಿಯ ಮೋಡ ಎಂದು ಕಣ್ಣಂದಾಜಿನಲ್ಲೇ ಬರೆಯುತ್ತಾರೆ. ಅಲೆಯ ಎತ್ತರ, ಒಂದು ಅಲೆಗೂ ಮುಂದಿನದಕ್ಕೂ ನಡುವೆ ಎಷ್ಟು ಸೆಕೆಂಡು ಎನ್ನುವುದನ್ನೂ ಬರೆಯುತ್ತಾರೆ. ಸಮುದ್ರದ ಮೇಲುನೀರಿನ ಬಿಸಿ ತಿಳಿಯಲು ಹಳೆಯ ಕಾಲದಿಂದ ಬಂದ ದಾರಿ ಸರಳವಾಗಿದೆ: ಹಗ್ಗ ಕಟ್ಟಿದ ಬಕೆಟ್ ಇಳಿಬಿಟ್ಟು ನೀರು ಸೇದಿ ಅದರಲ್ಲಿ ಉಷ್ಣಮಾಪಕ ಅದ್ದುವುದು. ಬಾವಿ ಸೇದಿದ ಕೈಗೆ ಹೇಳಿಕೊಡಬೇಕಾದ ಕೆಲಸವಲ್ಲ.

ಗಾಳಿಯನ್ನು ಅಳೆಯುವುದು ಮಾತ್ರ ಅಷ್ಟು ಸಲೀಸಲ್ಲ. ಗಾಳಿಯಿಲ್ಲದ ದಿನವೂ ಸೈಕಲ್ಲು ಜೋರಾಗಿ ತುಳಿದರೆ ಮುಖಕ್ಕೆ ಗಾಳಿ ಬಡಿಯುತ್ತದಲ್ಲ, ಹಡಗೂ ಹಾಗೆಯೇ ತನ್ನ ಗಾಳಿಯನ್ನು ತಾನೇ ಮಾಡಿಕೊಳ್ಳುತ್ತದೆ. ಹಡಗಿನ ವೇಗ, ದಿಕ್ಕು ಎರಡನ್ನೂ ಕಳೆದರೆ ಉಳಿಯುವುದು ನಿಜವಾದ ಗಾಳಿ. ಇನ್ನು ಹಡಗು ಕಬ್ಬಿಣದ ರಾಶಿ, ಬಿಸಿಲಿಗೆ ಕಾದ ಹೆಂಚು. ಅದರ ಕಾವು ಉಷ್ಣಮಾಪಕಕ್ಕೆ ತಾಗಬಾರದು. ಅದಕ್ಕೇ ಸೂಕ್ಷ್ಮ ಉಪಕರಣಗಳನ್ನು ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿದ ಕಂಬದ ತುದಿಗೆ ಕಟ್ಟಿ, ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ ಅಳೆಯುತ್ತಾರೆ. ಮಳೆಯ ಅಳತೆಯಂತೂ ಎಲ್ಲಕ್ಕಿಂತ ಕಷ್ಟ. ಹೊಯ್ದಾಡುವ ಅಟ್ಟದ ಮೇಲೆ ಮಾಪಕ ವಾಲುತ್ತದೆ, ಹಡಗಿಗೆ ಬಡಿದು ಮೇಲೇಳುವ ಗಾಳಿ ಹನಿಯನ್ನೇ ಹಾರಿಸಿಕೊಂಡು ಹೋಗುತ್ತದೆ. ನೆಟ್ಟಗೆ ನಿಂತ ನೆಲದ ಮೇಲೆ ಒಂದು ಡಬ್ಬಿ ಇಟ್ಟು ಮಳೆ ಅಳೆಯುವ ಭಾಗ್ಯ ಎಂಥದು ಎಂದು ನನಗೆ ತಿಳಿದದ್ದು ಹಡಗಿನವರ ಈ ಕಷ್ಟವನ್ನು ಓದಿದ ಮೇಲೆ.

ವಾಯುಭಾರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಅದು ಉಷ್ಣವಲಯದವರ ಸೊತ್ತು. ಸಮುದ್ರಕ್ಕೆ ಉಬ್ಬರ ಇಳಿತ ಇರುವುದು ಎಲ್ಲರಿಗೂ ಗೊತ್ತು. ಗಾಳಿಗೂ ಇದೆ. ಬೆಳಿಗ್ಗೆ ಹತ್ತರ ಸುಮಾರಿಗೆ ವಾಯುಭಾರ ಏರುತ್ತದೆ, ಸಂಜೆ ನಾಲ್ಕರ ಹೊತ್ತಿಗೆ ಇಳಿಯುತ್ತದೆ, ಮತ್ತೆ ರಾತ್ರಿ ಹತ್ತಕ್ಕೆ ಏರಿ ಬೆಳಗಿನ ಜಾವ ನಾಲ್ಕಕ್ಕೆ ಇಳಿಯುತ್ತದೆ. ಏರಿಳಿತ ಬರೀ ಮೂರು ಮಿಲಿಬಾರಿನಷ್ಟು. ಸಮುದ್ರದ ಉಬ್ಬರಕ್ಕೆ ಮುಖ್ಯ ಕಾರಣ ಚಂದ್ರ, ಇದಕ್ಕೆ ಸೂರ್ಯನ ಕಾವು. ಹಡಗಿನ ಮೇಲೂ ಹೀಗೆಯೇ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಅಂಗಳದಲ್ಲೂ ಹೀಗೆಯೇ, ದಿನಕ್ಕೆ ಎರಡು ಸಲ ನಮ್ಮ ಮೇಲಿನ ಗಾಳಿಯ ಕಡಲು ಉಬ್ಬಿ ಇಳಿಯುತ್ತದೆ. ಹಡಗಿನವರಿಗೆ ಇದು ಬರೀ ಸೋಜಿಗವಲ್ಲ. ಏರಬೇಕಾದ ಹೊತ್ತಿನಲ್ಲೂ ಭಾರ ಇಳಿಯುತ್ತಲೇ ಹೋದರೆ ಹತ್ತಿರದಲ್ಲೆಲ್ಲೋ ಚಂಡಮಾರುತ ಕಟ್ಟುತ್ತಿದೆ ಎಂದು ಅರ್ಥ. ದಿನದಿನದ ನಡೆ ಗೊತ್ತಿದ್ದವರಿಗಷ್ಟೇ ತಪ್ಪಿದ ಹೆಜ್ಜೆ ಕಾಣುವುದು.

ಮೇಲಿನ ಮಾತಾಯಿತು, ಇನ್ನು ಆಳದ ಮಾತು. ಆಳ ಎಂದರೆ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೋರು ಕೊರೆಸಿದವರು ಎಷ್ಟನೇ ಅಡಿಗೆ ಕಲ್ಲು, ಎಷ್ಟನೇ ಅಡಿಗೆ ತೇವ ಎಂದು ಬಾಯಲ್ಲೇ ಹೇಳುತ್ತಾರೆ. ಹಡಗಿನವರೂ ಹಾಗೆಯೇ ಸಮುದ್ರವನ್ನು ಆಳಕ್ಕೆ ಓದುತ್ತಾರೆ. ಉಪ್ಪು, ಬಿಸಿ, ಆಳ ಮೂರನ್ನೂ ಒಟ್ಟಿಗೆ ಅಳೆಯುವ, ಸಿಟಿಡಿ ಎನ್ನುವ ಉಪಕರಣವನ್ನು ಉಕ್ಕಿನ ಹಗ್ಗಕ್ಕೆ ಕಟ್ಟಿ, ಸೆಕೆಂಡಿಗೆ ಒಂದು ಮೀಟರಿನಷ್ಟು ನಿಧಾನಕ್ಕೆ ಇಳಿಬಿಡುತ್ತಾರೆ. ಸಾವಿರ ಮೀಟರ್ ಇಳಿದು ಮೇಲೆ ಬರಲು ಅರ್ಧ ಗಂಟೆಗೂ ಹೆಚ್ಚು ಬೇಕು. ಅದರ ಸುತ್ತ ಉದ್ದುದ್ದ ಬಾಟಲಿಗಳು. ಮೇಲೆ ಬರುವಾಗ ಬೇಕಾದ ಆಳದಲ್ಲಿ ಒಂದೊಂದರ ಬಾಯಿ ಮುಚ್ಚಿ ಅಲ್ಲಿನ ನೀರನ್ನು ಹಿಡಿದು ತರುತ್ತಾರೆ. ಇನ್ನೊಂದು ಕಡೆ ಆಕಾಶಕ್ಕೆ ಬಲೂನು. ಅಂಗೈಯಗಲದ ಒಂದು ಪೆಟ್ಟಿಗೆ ಹೊತ್ತು ಏರುತ್ತಾ, ಬಿಸಿ, ತೇವ, ಗಾಳಿಯ ಸುದ್ದಿಯನ್ನು ರೇಡಿಯೋ ಅಲೆಯಲ್ಲಿ ಕೆಳಕ್ಕೆ ಹೇಳುತ್ತಾ, ಇಪ್ಪತ್ತು ಕಿಲೋಮೀಟರ್ ದಾಟಿದ ಮೇಲೆ ಎಲ್ಲೋ ಒಡೆದು ಬೀಳುತ್ತದೆ.

ಇಷ್ಟೆಲ್ಲ ಯಾಕೆ? ಗಾಳಿಗಿಂತ ನೀರು ಬಿಸಿಯನ್ನು ಬಹಳ ಹಿಡಿದಿಟ್ಟುಕೊಳ್ಳುತ್ತದೆ. ನೆತ್ತಿಯ ಮೇಲಿನ ಇಡೀ ವಾತಾವರಣ ಎಷ್ಟು ಬಿಸಿಯನ್ನು ಹಿಡಿಯಬಲ್ಲದೋ ಅಷ್ಟನ್ನು ಸಮುದ್ರದ ಮೇಲಿನ ಎರಡೂವರೆ, ಮೂರು ಮೀಟರ್ ನೀರೇ ಹಿಡಿಯಬಲ್ಲದು. ಒಂದು ಆಳು ಉದ್ದ ಮತ್ತೆ ಅರ್ಧ ಆಳು, ಅಷ್ಟೇ. ಮುಂಗಾರಿನ ಬಂಡವಾಳ ಇರುವುದು ಅಲ್ಲಿ.

ನಮ್ಮ ಆಷಾಢದ ಗಾಳಿಯನ್ನು ನೆನೆಸಿಕೊಳ್ಳಿ. ಹಗಲೂ ರಾತ್ರಿ ಪಡುವಣದಿಂದ ಬೀಸುತ್ತದೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುತ್ತದೆ, ಮಳೆ ಮಾತ್ರ ಕೊಡುವುದಿಲ್ಲ. ಅರಬ್ಬಿ ಸಮುದ್ರದಿಂದ ಹೊತ್ತು ತಂದದ್ದನ್ನು ಪಶ್ಚಿಮ ಘಟ್ಟದಲ್ಲಿ ಸುರಿದು ಬರಿಗೈಯಲ್ಲಿ ನಮ್ಮೂರು ದಾಟುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು, ನಮ್ಮಲ್ಲಿ 500ರ ಆಸುಪಾಸು. ಆ ಗಾಳಿ ನಮ್ಮನ್ನು ದಾಟಿ ಎಲ್ಲಿಗೆ ಹೋಗುತ್ತದೆ ಎಂದು ನಾನು ಬಹಳ ಕಾಲ ಯೋಚಿಸಿರಲಿಲ್ಲ. ಅದು ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಅಲ್ಲಿ ಬೆಚ್ಚಗಿನ ನೀರಿನಿಂದ ಮತ್ತೆ ತೇವ ತುಂಬಿಕೊಳ್ಳುತ್ತದೆ. ಆ ತೇವವೇ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳಾಗಿ ಕಟ್ಟಿ ದೇಶದ ಒಳನಾಡಿಗೆ ಮಳೆ ತರುತ್ತದೆ. ನಮಗೆ ಮಳೆ ಹೆಚ್ಚು ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ನಾವು ನೋಡುವುದು ಮೂಡಣದ ಕಡೆಗೇ. ನಮ್ಮ ನೆತ್ತಿಯ ಮೇಲೆ ಹಾಯ್ದು ಹೋದ ಗಾಳಿ ಅಲ್ಲಿ ಏನು ಮಾಡುತ್ತದೆ ಎಂದು ತಿಳಿಯುವುದು, ಹೀಗೆ ನೋಡಿದರೆ, ಚಳ್ಳಕೆರೆಯವರ ಸ್ವಂತ ವಿಷಯ.

ಅದನ್ನು ತಿಳಿಯಲು ಹೋದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಂದಿನ ಸಾಲಿನಲ್ಲಿದ್ದಾರೆ. ಈ ಸಂಸ್ಥೆಯ ಇನ್ನೊಂದು ಆವರಣ ನಮ್ಮ ಕುದಾಪುರದ ಬಯಲಿನಲ್ಲೇ ಇದೆ, ಅಲ್ಲಿ ಹವಾಗುಣದ ವೀಕ್ಷಣಾಲಯವೂ ಇದೆ.   1999ರ ಜುಲೈ, ಆಗಸ್ಟಿನಲ್ಲಿ ‘ಬಾಬ್‌ಮೆಕ್ಸ್’ ಎಂಬ ಪ್ರಯೋಗಕ್ಕೆ ಸಾಗರ ಕನ್ಯಾ ಮತ್ತು ನೌಕಾಪಡೆಯ ಸಾಗರಧ್ವನಿ ಎಂಬ ಎರಡು ಹಡಗುಗಳು ಕೊಲ್ಲಿಯಲ್ಲಿ ನಿಂತವು. 2002ರಲ್ಲಿ ಅರಬ್ಬಿ ಸಮುದ್ರದ ಮೇಲೆ ‘ಆರ್ಮೆಕ್ಸ್’ ಪ್ರಯೋಗ. ಧಾರಾಕಾರ ಮಳೆಯನ್ನು ಅಳೆಯುವ ಆಸೆಯಿಂದ ಹೊರಟ ವರ್ಷವೇ ಜುಲೈ ತಿಂಗಳ ಮಳೆ ದೇಶದಲ್ಲಿ ವಾಡಿಕೆಯ ಸುಮಾರು ಅರ್ಧಕ್ಕೆ ಇಳಿಯಿತು. ಆ ವರ್ಷದ ಬರ ನಮ್ಮ ಕಡೆ ಯಾರಿಗೂ ಮರೆತಿರಲಾರದು.

ನಾನು ಹೇಳಹೊರಟ ಹಡಗು ಸಿಂಧು ಸಾಧನಾ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯದು. 2016ರ ಜೂನ್, ಜುಲೈನಲ್ಲಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಸೇರಿ ‘ಬಾಬಲ್’ ಎಂಬ ಪ್ರಯೋಗ ನಡೆಸಿದರು. ನಮ್ಮ ಕಡೆಯಿಂದ ಮುಂದಾಳು ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್. ಶ್ರೀಲಂಕಾದ ಮೂಡಣಕ್ಕೆ, 8 ಡಿಗ್ರಿ ಉತ್ತರ ಅಕ್ಷಾಂಶದ ಗೆರೆಯ ಮೇಲೆ ಹಡಗು ಪಡುವಣದಿಂದ ಮೂಡಣಕ್ಕೆ ಅಳೆಯುತ್ತಾ ಸಾಗಿತು. ನೀರಿನೊಳಗೆ ತಾವಾಗಿಯೇ ಇಳಿದೇರಿ ಅಳೆಯುವ ಐದು ಗ್ಲೈಡರುಗಳನ್ನು ಬಿಟ್ಟರು. ಆಮೇಲೆ 89 ಡಿಗ್ರಿ ಪೂರ್ವ ರೇಖಾಂಶದ ಬಳಿ ಹತ್ತು ದಿನ ಒಂದೇ ಕಡೆ ನಿಂತು ಅಳತೆ ಮಾಡಿದರು.

ಆ ಹೊತ್ತಿನಲ್ಲಿ ಆದದ್ದು ಕೇಳಿ. ಮುಂಗಾರು ಒಂದೇ ಸಮನೆ ಸುರಿಯುವುದಿಲ್ಲ. ಮೋಡದ ಪಟ್ಟಿಗಳು ಭೂಮಧ್ಯರೇಖೆಯ ಕಡೆಯಿಂದ ಉತ್ತರಕ್ಕೆ ಒಂದರ ಹಿಂದೆ ಒಂದು ಸಾಗಿ ಬರುತ್ತವೆ. ಉಪಗ್ರಹದ ಚಿತ್ರಗಳನ್ನು ದಿನದಿನವೂ ಜೋಡಿಸಿ ನೋಡಿ ಇದನ್ನು 1980ರಲ್ಲಿ ತೋರಿಸಿದವರು ಹವಾಮಾನ ವಿಜ್ಞಾನಿಗಳಾದ ಡಿ. ಆರ್. ಸಿಕ್ಕಾ ಮತ್ತು ಸುಲೋಚನಾ ಗಾಡ್ಗೀಳ್. ಎರಡು ಪಟ್ಟಿಗಳ ನಡುವೆ ಬಿಡುವು. ಸಿಂಧು ಸಾಧನಾ ಅಲ್ಲಿ ನಿಂತಾಗ ಸಿಕ್ಕಿದ್ದು ಅಂಥ ಬಿಡುವೇ. ಮಳೆಗಾಲದ ಕೊಲ್ಲಿಯನ್ನು ಅಳೆಯಲು ಹೋದವರ ತಲೆಯ ಮೇಲೆ ಮಳೆಮೋಡಗಳು ಕಟ್ಟಲೊಲ್ಲದ ಕಾಲ. ನಮ್ಮ ಶಾಲೆಯ ಅಂಗಳದ ಆಷಾಢದ ಹಾಗೆಯೇ.

ಅವರು ಅಳೆಯುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಆ ಪ್ರಯೋಗದ ಬಹು ದೊಡ್ಡ ಫಲ ಕೈಗೆ ಸಿಗುತ್ತಿರಲಿಲ್ಲ. ಮೋಡ ಕಡಿಮೆಯಾದ್ದರಿಂದ ಬಿಸಿಲು ನೀರಿಗೆ ನೇರ ಬೀಳುತ್ತಿತ್ತು, ಮೇಲುಪದರ ದಿನೇ ದಿನೇ ಕಾಯುತ್ತಾ ಹೋಯಿತು. ಮೇಲಿನ ಗಾಳಿಯೂ ಮುಂದಿನ ಮಳೆಮೋಡಕ್ಕೆ ನಿಧಾನವಾಗಿ ಅಣಿಯಾಗುತ್ತಿತ್ತು. ಅಂದರೆ, ಮಳೆಯಿಲ್ಲದ ಆ ದಿನಗಳಲ್ಲೇ ಮುಂದಿನ ಮಳೆಯ ತಯಾರಿ ನಡೆದಿತ್ತು. ಅದು ಅಂಕಿಯಲ್ಲಿ ಹಂತಹಂತವಾಗಿ ಅವರ ಪುಸ್ತಕಕ್ಕೆ ಇಳಿಯಿತು.

ಇನ್ನೊಂದು ಸಂಗತಿಯೂ ಅಲ್ಲಿ ಕಂಡಿತು. ಚಳ್ಳಕೆರೆ ಎಣ್ಣೆಯ ಊರು, ನೀರಿನ ಮೇಲೆ ಎಣ್ಣೆ ತೇಲುವುದನ್ನು ನೋಡದವರಿಲ್ಲ. ಹಾಗೆಯೇ ಉಪ್ಪು ಕಡಿಮೆಯಾದ ಹಗುರ ನೀರು ಉಪ್ಪುನೀರಿನ ಮೇಲೆ ನಿಲ್ಲುತ್ತದೆ. ಗಂಗೆ, ಬ್ರಹ್ಮಪುತ್ರ, ಗೋದಾವರಿ, ಕೃಷ್ಣೆ ಎಲ್ಲವೂ ಬಂದು ಸೇರುವ ಕೊಲ್ಲಿ ಅದು. ನಮ್ಮ ವೇದಾವತಿಯಲ್ಲಿ ನೀರು ಉಳಿದರೆ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ ಸೇರಿ ಅದೂ ಹೋಗಿ ಮುಟ್ಟುವುದು ಅಲ್ಲಿಗೇ. ಇತ್ತ ಶ್ರೀಲಂಕಾವನ್ನು ಬಳಸಿಕೊಂಡು ಮುಂಗಾರಿನ ಪ್ರವಾಹವೊಂದು ಅರಬ್ಬಿ ಸಮುದ್ರದ ಹೆಚ್ಚು ಉಪ್ಪಿನ ನೀರನ್ನು ಕೊಲ್ಲಿಯೊಳಕ್ಕೆ ತರುತ್ತದೆ. ಹಡಗು ಅಲ್ಲಿದ್ದಾಗ ಎರಡು ಸಲ ಮೇಲುನೀರಿನ ಉಪ್ಪು ತಟ್ಟನೆ ಇಳಿಯಿತು. ಹಾಗೆ ಹಗುರಾದ ಮೇಲುಪದರಕ್ಕೂ ಆಳದ ತಣ್ಣೀರಿಗೂ ನಡುವೆ ಒಂದು ದಪ್ಪ ತಡೆ ಬೆಳೆಯುತ್ತದೆ. ಗಾಳಿ ಎಷ್ಟು ಕಡೆದರೂ ಆಳದ ತಂಪು ಸುಲಭವಾಗಿ ಮೇಲೆ ಬರದು. ಕಾವು ಮೇಲೆಯೇ ಉಳಿಯುತ್ತದೆ. ಸಮುದ್ರದ ಮೇಲುನೀರು 28 ಡಿಗ್ರಿ ದಾಟಿದ ಕಡೆ ದೊಡ್ಡ ಮೋಡಗಳು ಕಟ್ಟುವ ಸಂಭವ ಹೆಚ್ಚು ಎಂದು 1984ರಲ್ಲೇ ತೋರಿಸಿದವರಲ್ಲೂ ಸುಲೋಚನಾ ಗಾಡ್ಗೀಳ್ ಒಬ್ಬರು.

ಅವರ ಹೆಸರನ್ನು ಎರಡು ಸಲ ಹೇಳಿದೆ, ಮೂರನೆಯ ಸಲವೂ ಹೇಳುತ್ತೇನೆ. ಸಮುದ್ರದ ಮೇಲಿನ ಮೋಡವನ್ನು ಅಷ್ಟು ತಿಳಿದುಕೊಂಡವರು, ಅನಂತಪುರ, ಪಾವಗಡ ಸೀಮೆಯ ಕೆಂಪು ನೆಲದ ಶೇಂಗಾ ಬೆಳೆಗಾರರ ಕಷ್ಟವನ್ನೂ ತಮ್ಮ ಓದಿನ ವಿಷಯ ಮಾಡಿಕೊಂಡರು. ಬಹಳ ವರ್ಷಗಳ ದಿನದಿನದ ಮಳೆಯ ಲೆಕ್ಕ ಹಿಡಿದು, ಯಾವಾಗ ಬಿತ್ತಿದರೆ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಒಣ ದಿನಗಳ ಸಾಲು ಎದುರಾಗುವ ಸಂಭವ ಕಡಿಮೆ ಎಂದು ಅವರೂ ಜೊತೆಯವರೂ ಹುಡುಕಿದರು. ಈ ಹುಡುಕಾಟದಲ್ಲಿ ಕೆಲಸಕ್ಕೆ ಬಂದದ್ದು ಬರೀ ಮಳೆ ಬಂದ ದಿನಗಳ ಅಂಕಿಯಲ್ಲ. ಎಷ್ಟು ಸೊನ್ನೆಗಳು ಸಾಲಾಗಿ ನಿಂತಿದ್ದವು, ಯಾವ ವಾರದಲ್ಲಿ ನಿಂತಿದ್ದವು ಎನ್ನುವುದರ ಮೇಲೆಯೇ ಬೆಳೆ ಉಳಿಯುವುದೂ ಒಣಗುವುದೂ ನಿಂತಿತ್ತು. ಹಿಂದೆ ಯಾವುದೋ ತಾಲ್ಲೂಕು ಕಚೇರಿಯಲ್ಲಿ ಯಾರೋ ಒಬ್ಬರು ‘ಮಳೆ ಬಂದಿಲ್ಲ, ಬರೆಯುವುದೇನು’ ಎಂದು ಪುಸ್ತಕವನ್ನು ಖಾಲಿ ಬಿಟ್ಟಿದ್ದರೆ, ಆ ದಿನ ಮಳೆ ಬರಲಿಲ್ಲವೋ, ಆತ ಕಚೇರಿಗೆ ಬರಲಿಲ್ಲವೋ, ಯಾರಿಗೆ ಗೊತ್ತಾಗುತ್ತಿತ್ತು? ಖಾಲಿ ಜಾಗವೇ ಬೇರೆ, ಸೊನ್ನೆಯೇ ಬೇರೆ. ಅವತ್ತು ಆ ಕುರಿ ಕಾಯುವ ಅಣ್ಣನಿಗೆ ನಾನು ಹೇಳಬೇಕಾಗಿದ್ದ ಮಾತು ಇದು.

ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ದಿನದಿನದ ಮಟ್ಟ ಬರೆದಿಟ್ಟ ಪುಸ್ತಕ ಇಲ್ಲದಿದ್ದರೆ ಆ ಮೊದಲ ಕೋಡಿ ಅಜ್ಜ ಹೇಳಿದ ಕತೆಯಾಗಿ ಉಳಿಯುತ್ತಿತ್ತು. ಬರೆದಿಡುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬ್ರಹ್ಮಗಿರಿಯ ಬಂಡೆಯಲ್ಲಿ ಅರಸನ ಮಾತೆಲ್ಲ ಮುಗಿದ ಮೇಲೆ ಬರೆದವನು ತನ್ನ ಹೆಸರನ್ನೂ ಹಾಕಿದ್ದಾನೆ, ಚಪಡ ಎಂದು. ಲಿಪಿಕಾರ ಎನ್ನುವ ಮಾತನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ರುಜು ಅದು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಆ ಸಾಲನ್ನು ತೋರಿಸುತ್ತಿದ್ದೆ. ವೀಕ್ಷಣೆಯ ಪುಸ್ತಕದ ಕೊನೆಯಲ್ಲಿ ಬರೆದವರ ಸಹಿಗೆ ಒಂದು ಕಲಂ ಇರುತ್ತದೆ. ಅದನ್ನು ನೋಡಿದಾಗ ನನಗೆ ಚಪಡನ ನೆನಪು ಬರುತ್ತದೆ.

ಈಗ ಗ್ರಾಮ ಪಂಚಾಯಿತಿಗಳಲ್ಲೆಲ್ಲ ತಾನಾಗಿಯೇ ಅಳೆದು ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಸುದ್ದಿ ಮುಟ್ಟಿಸುವ ಮಳೆಮಾಪಕಗಳು ಬಂದಿವೆ. ಸಮುದ್ರದಲ್ಲೂ ಆರ್ಗೋ ಎಂಬ ತೇಲುಗಳು 2000 ಮೀಟರ್ ಆಳದಿಂದ ಹತ್ತು ದಿನಕ್ಕೊಮ್ಮೆ ಮೇಲೆದ್ದು ಉಪಗ್ರಹಕ್ಕೆ ವರದಿ ಒಪ್ಪಿಸುತ್ತವೆ. ಒಳ್ಳೆಯದೇ ಆಯಿತು. ಆದರೂ ನಿಮ್ಮ ಹೊಲದ ಮಳೆ ನಿಮ್ಮ ಹೊಲದ್ದೇ. ಪಂಚಾಯಿತಿ ಕಟ್ಟಡದ ಮೇಲೆ ಹದ ಮಳೆ ಬಿದ್ದ ದಿನ ಎರಡು ಮೈಲಿಯಾಚೆ ಧೂಳು ಏಳುವುದನ್ನು ನಾವೆಲ್ಲ ಕಂಡವರೇ.

ನಿಮ್ಮ ಹೊಲದ ಮಳೆಯನ್ನು ನೀವೇ ಅಳೆಯಲು ದೊಡ್ಡ ಖರ್ಚೇನೂ ಬೇಡ. ಬಾಯಿ ತಳ ಎರಡೂ ಒಂದೇ ಅಗಲವಿರುವ, ತಳ ಮಟ್ಟಸವಾಗಿರುವ ಒಂದು ಡಬ್ಬಿ ಸಾಕು. ಗಿಡ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಾದರೂ ಇಡಿ. ಕುರಿ ಮೇಕೆ ಬೀಳಿಸದ ಹಾಗೆ ಸುತ್ತ ಕಲ್ಲು ಕೊಡಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಬಿಟ್ಟು ಎಷ್ಟು ಮಿಲಿಮೀಟರ್ ನೀರಿದೆ ನೋಡಿ, ಬರೆದು, ಚೆಲ್ಲಿ, ಮತ್ತೆ ಇಡಿ. ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇಲಾಖೆಯವರ ಲೆಕ್ಕದಲ್ಲಿ ಅದು ಮಳೆ ದಿನ. ತಾರೀಖು, ಹೊತ್ತು, ಅಳತೆ, ನಿಮ್ಮ ರುಜು, ಇಷ್ಟೇ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಕೈಗೇ ಪುಸ್ತಕ ಕೊಡಿ.

ನಿವೃತ್ತನಾದ ಮೇಲೆ ಒಮ್ಮೆ ಆ ಹಳ್ಳಿಗೆ ಹೋಗಿದ್ದೆ. ಕುರಿಯ ಅಣ್ಣ ಸಿಕ್ಕರು. ಕಟ್ಟೆಯ ಮೇಲೆ ಕೂತು ಈ ಹಡಗಿನ ಕತೆಯನ್ನು ಪೂರ್ತಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಈಗಲೂ ಮನೆಯಲ್ಲಿ ಡಬ್ಬಿ ಇಟ್ಟಿದ್ದೀನಿ ಅಂದೆ. ಸುತ್ತ ಶೇಂಗಾ ಹೊಲ ಹಳದಿ ಹೂ ಬಿಟ್ಟಿತ್ತು, ಮುಗಿಲು ಖಾಲಿ ಇತ್ತು.

“ಇವತ್ತಿಗೆ ಎಷ್ಟನೇ ಸೊನ್ನೆ ಮೇಷ್ಟ್ರೇ?” ಅಂದರು.

“ಹನ್ನೊಂದನೇದು.”

ಅವರು ಬಗ್ಗಿ ಒಂದು ಗಿಡದ ಬುಡದ ಮಣ್ಣನ್ನು ಬೆರಳಿನಲ್ಲಿ ಕೆದಕಿ ನೋಡಿ, “ಇನ್ನೊಂದ್ ನಾಕ್ ದಿನ ತಡಕಂತತೆ” ಎಂದು ಎದ್ದರು.